ಚಿಕ್ಕಪ್ಪನ ಡಿಟಿಪಿ ಅಂಗಡಿ ಕಂಪ್ಯೂಟರ್, ಫ್ಯಾನ್ ಸದ್ದು, ಮೂರು ಭಾನುವಾರ

ಮಂಡ್ಯ ಪೇಟೆ ಬೀದಿಯಿಂದ ಒಳಕ್ಕೆ ತಿರುಗೋ ಒಂದು ಗಲ್ಲೀಲಿ ನಮ್ಮ ಚಿಕ್ಕಪ್ಪಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಗೃಹಪ್ರವೇಶದ ಕಾರ್ಡು, ಅರ್ಜಿ ಟೈಪಿಂಗು, ಪಕ್ಕದಲ್ಲೇ ಒಂದು ಜೆರಾಕ್ಸ್ ಮಿಷಿನ್ನು. ಅಲ್ಲಿರೋ ಕಂಪ್ಯೂಟರ್ 2009ರಲ್ಲಿ ಅಸೆಂಬಲ್ ಮಾಡ್ಸಿದ್ದು, ಕೋರ್ 2 ಡ್ಯುಯೋ ಇ7400 ಪ್ರೊಸೆಸರ್, ಜಿ31 ಚಿಪ್‌ಸೆಟ್ ಮದರ್‌ಬೋರ್ಡು, 2 ಜಿಬಿ ಡಿಡಿಆರ್2 ರ‍್ಯಾಮು, 160 ಜಿಬಿ ಹಾರ್ಡ್‌ಡಿಸ್ಕು, ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ 2014ರಲ್ಲೇ ಅಪ್‌ಡೇಟ್ ನಿಂತೋಯ್ತಲ್ಲ, ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ, ಅದು ಪಾಡಿಗೆ ಅದು ಒಂದು ಮೂಲೇಲಿ ಕೂತು ಕೆಲಸ ಮಾಡುತ್ತೆ.

ಹೊಸದು ತಗೊಳ್ಳಿ ಅಂತ ಬಂದೋರೆಲ್ಲ ಹೇಳ್ತಾರೆ. ಆದ್ರೆ ಅದರೊಳಗೆ ಇಷ್ಟೂ ವರ್ಷದ ಲಗ್ನಪತ್ರಿಕೆಗಳಿವೆ, ಎಲ್ಲಾ ಪೇಜ್‌ಮೇಕರ್ 7 ಅನ್ನೋ ಪುಟ ಜೋಡಿಸೋ ಸಾಫ್ಟ್‌ವೇರಲ್ಲಿ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಮಾಡಿದ್ದು. ಆ ಹಳೇ ಫಾಂಟು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನ ಕೂರಿಸಿರೋದು, ಆ ಫಾಂಟ್ ಇಲ್ಲದ ಮಿಷಿನ್ನಲ್ಲಿ ತೆಗೆದ್ರೆ ಗಂಡಿನ ಹೆಸರು ಹೆಣ್ಣಿನ ಹೆಸರು ಮುಹೂರ್ತ ಎಲ್ಲಾ ತಲೆಬುಡ ಇಲ್ಲದ ಗೀಚು ಆಗ್ಬಿಡುತ್ತೆ. ಅಕ್ಕನ ಮದುವೆಗೆ ಕಾರ್ಡ್ ಮಾಡ್ಸಿದ ಮನೆಯೋರು ಎಂಟು ವರ್ಷ ಬಿಟ್ಟು ತಮ್ಮನ ಮದುವೆಗೆ ಬಂದು "ಅದೇ ತರ ಮಾಡ್ಕೊಡಿ" ಅಂದ್ರೆ ಚಿಕ್ಕಪ್ಪ ಹಳೇ ಫೈಲ್ ಹುಡುಕಿ ಹೆಸರು ಬದಲಾಯ್ಸಿ ಹತ್ತು ನಿಮಿಷಕ್ಕೆ ಪ್ರೂಫ್ ಕೈಗೆ ಕೊಡ್ತಾರೆ. ಅಂಗಡಿ ನಡೀತಿರೋದೇ ಅದರ ಮೇಲೆ. ಹಾಗಾಗಿ ನನ್ನ ಪ್ರಕಾರ ಈ ಮಿಷಿನ್ನು ಇನ್ನೂ ಬದುಕಿರಬೇಕು.

ಸಂಕ್ರಾಂತಿ ಕಳೆದ ಮೇಲೆ ಫೋನ್ ಬಂತು. "ಮಗ, ಈ ಡಬ್ಬ ಆಲೆಮನೆ ಗಾಣದಂಗೆ ಗುರ್ ಅಂತಾ ಕೂತದೆ ಕಣ್ಲಾ, ಪಾರ್ಟಿ ಫೋನಲ್ಲಿ ಹೆಸ್ರು ಹೇಳುದ್ರೆ ಕೇಳಾಕಿಲ್ಲ" ಅಂದ್ರು. ಆಗಿದ್ದೇನಂದ್ರೆ ಹುಡುಗನ ಅಜ್ಜಿ ಹೆಸರು ನಿಂಗಮ್ಮ ಅಂದಿದ್ದು ಇವರಿಗೆ ಲಿಂಗಮ್ಮ ಅಂತ ಕೇಳಿದೆ, ಪ್ರೂಫಲ್ಲೂ ಯಾರೂ ನೋಡಿಲ್ಲ, ಇನ್ನೂರು ಕಾರ್ಡು ಮತ್ತೆ ಹೊಡ್ಕೊಡ್ಬೇಕಾಯ್ತು. ದುಡ್ಡಿಗಿಂತ ಆ ಅಜ್ಜಿ ಬೇಜಾರ್ ಮಾಡ್ಕೊಂಡಿದ್ದೇ ಚಿಕ್ಕಪ್ಪಂಗೆ ಹೆಚ್ಚಾಗಿ ಕೊರೀತಿತ್ತು. ಸರಿ ಭಾನುವಾರ ಬರ್ತೀನಿ ಅಂದೆ.

ಮೊದಲನೇ ಭಾನುವಾರ

ಬೆಳಗ್ಗೆ ಎಂಟಕ್ಕೆ ಹೋಗಿ ಸ್ವಿಚ್ ಹಾಕ್ಸಿ ಸುಮ್ನೆ ಕೇಳ್ತಾ ಕೂತೆ. ಸ್ಕ್ರೂಡ್ರೈವರ್ ಕೈಗೆ ತಗೊಳ್ಳೋಕೆ ಮುಂಚೆ ಇದನ್ನ ಮಾಡ್ಲೇಬೇಕು, ಯಾಕಂದ್ರೆ ಬಿಚ್ಚಿದ ಮೇಲೆ ಸದ್ದು ಬದಲಾಗೋಗುತ್ತೆ, ಮೊದಲು ಹೇಗಿತ್ತು ಅಂತ ನೆನಪೇ ಇರಲ್ಲ. ಫೋನಲ್ಲಿ ಒಂದು ನಿಮಿಷ ರೆಕಾರ್ಡ್ ಕೂಡ ಮಾಡ್ಕೊಂಡೆ, ಆಮೇಲೆ ಹೋಲಿಸೋಕೆ ಬಹಳ ಉಪಯೋಗಕ್ಕೆ ಬಂತು.

ಕೇಳ್ತಾ ಕೇಳ್ತಾ ಗೊತ್ತಾಯ್ತು, ಒಂದೇ ಸದ್ದಲ್ಲ ಅದು, ಒಂದರ ಮೇಲೆ ಒಂದು ಕೂತಿರೋ ಎರಡು ಸದ್ದು. ಒಂದು ಭರ್ ಅಂತ ಗಾಳಿ ಸದ್ದು, ಅದು ಶುರುವಲ್ಲಿ ಕಮ್ಮಿ ಇದ್ದು ಎರಡು ಮೂರು ನಿಮಿಷದಲ್ಲಿ ಏರ್ತಾ ಹೋಗಿ ಅಲ್ಲೇ ನಿಲ್ಲುತ್ತೆ. ಇನ್ನೊಂದು ಗರಗರ ಅಂತ, ಒಣಗಿದ ಬಾವಿ ರಾಟೆ ತಿರುಗಿಸ್ದಂಗೆ, ಅದು ಉಲ್ಟಾ, ಸ್ವಿಚ್ ಹಾಕಿದ ತಕ್ಷಣ ಜೋರು, ಬಿಸಿ ಆಗ್ತಾ ಆಗ್ತಾ ಸ್ವಲ್ಪ ಮೆತ್ತಗಾಗುತ್ತೆ, ಪೂರ್ತಿ ಹೋಗಲ್ಲ. ಬಿಸಿ ಆದ್ಮೇಲೆ ಏರೋ ಸದ್ದಿಗೂ ಬಿಸಿ ಆದ್ಮೇಲೆ ಇಳಿಯೋ ಸದ್ದಿಗೂ ಕಾರಣ ಒಂದೇ ಇರೋಕೆ ಸಾಧ್ಯ ಇಲ್ಲ ಅಂತ ಅಲ್ಲೇ ಅನ್ನಿಸ್ತು.

ಈ ಡಬ್ಬದಲ್ಲಿ ಫ್ಯಾನ್ ಇರೋದು ಮೂರು. ಪ್ರೊಸೆಸರ್ ಮೇಲೆ ಒಂದು, ಕ್ಯಾಬಿನೆಟ್ ಹಿಂದುಗಡೆ 80 ಎಂಎಂ ಫ್ಯಾನ್ ಒಂದು, ಮೇಲ್ಗಡೆ ಎಸ್‌ಎಂಪಿಎಸ್ ಒಳಗೆ, ಅಂದ್ರೆ ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಕಮ್ಮಿ ವೋಲ್ಟಿಗೆ ಇಳಿಸಿ ಕೊಡೋ ಪೆಟ್ಟಿಗೆ ಒಳಗೆ, ಒಂದು. ಸೈಡ್ ಬಾಗಿಲು ಬಿಚ್ಚಿ, ಅಂಗಡೀಲಿ ಬಿದ್ದಿದ್ದ ದಪ್ಪ ಕಾರ್ಡ್ ಶೀಟನ್ನ ಕೊಳವೆ ತರ ಸುತ್ತಿ ಒಂದು ತುದಿ ಕಿವಿಗೆ ಇಟ್ಕೊಂಡು ಇನ್ನೊಂದು ತುದಿನ ಒಂದೊಂದು ಫ್ಯಾನ್ ಹತ್ರ ಹಿಡಿದು ನೋಡಿದೆ, ಡಾಕ್ಟ್ರು ಎದೆ ನೋಡ್ದಂಗೆ. ಭರ್ ಅನ್ನೋದು ಪ್ರೊಸೆಸರ್ ಫ್ಯಾನಿಂದು, ಅದು ಸ್ಪಷ್ಟ. ಗರಗರ ಹಿಂದಿನ 80 ಎಂಎಂ ಕಡೆಯಿಂದ ಬರ್ತಿತ್ತು ಆದ್ರೆ ಎಸ್‌ಎಂಪಿಎಸ್ ಅದರ ನೆತ್ತಿ ಮೇಲೇ ಕೂತಿರೋದ್ರಿಂದ ಖಾತ್ರಿ ಮಾಡ್ಕೋಬೇಕಿತ್ತು. ಹಿಂದಿನ ಫ್ಯಾನಿನ ನಡುವಿನ ಗುಂಡು ಭಾಗಕ್ಕೆ, ರೆಕ್ಕೆಗಲ್ಲ, ಬೆರಳ ತುದಿ ಮೆಲ್ಲಗೆ ಒತ್ತಿ ಎರಡು ಸೆಕೆಂಡ್ ನಿಲ್ಲಿಸ್ದೆ. ಗರಗರ ಮುಕ್ಕಾಲು ಭಾಗ ನಿಂತೋಯ್ತು. ಬಿಟ್ಟೆ, ಮತ್ತೆ ಶುರು. ಅಲ್ಲಿಗೆ ಕಳ್ಳ ಸಿಕ್ಕಿದ. ಪೂರ್ತಿ ನಿಲ್ಲಲಿಲ್ಲ, ಮುಕ್ಕಾಲು ಭಾಗ ಅಷ್ಟೆ ಅನ್ನೋದನ್ನ ಆಗ ನಾನು ಸರಿಯಾಗಿ ಲೆಕ್ಕಕ್ಕೆ ತಗೊಳ್ಳಲಿಲ್ಲ, ಅದು ಮೂರನೇ ಭಾನುವಾರಕ್ಕೆ ಬಂತು.

ಪ್ರೊಸೆಸರ್ ಫ್ಯಾನು ಯಾಕೆ ಭರ್ ಅಂತಿತ್ತು ಅಂದ್ರೆ ಅದು ಕೆಟ್ಟಿರ್ಲಿಲ್ಲ, ಪಾಪ ಜೀವ ಬಿಟ್ಟು ಓಡ್ತಿತ್ತು. ಅದು ನಾಲ್ಕು ವೈರಿನ ಫ್ಯಾನು: ಕಪ್ಪು ಗ್ರೌಂಡು, ಹಳದಿ 12 ವೋಲ್ಟು, ಹಸಿರು ವೈರಲ್ಲಿ ಎಷ್ಟು ಸುತ್ತು ಅನ್ನೋ ಲೆಕ್ಕ ಬೋರ್ಡಿಗೆ ಹೋಗುತ್ತೆ, ನೀಲಿ ವೈರಲ್ಲಿ ಬೋರ್ಡು ಎಷ್ಟು ಜೋರಾಗಿ ಓಡ್ಬೇಕು ಅಂತ ಹೇಳುತ್ತೆ. ಪ್ರೊಸೆಸರ್ ಬಿಸಿ ಆದಷ್ಟೂ ಸ್ಪೀಡ್ ಏರ್ಸುತ್ತೆ. ಬಯೋಸ್‌ಗೆ, ಅಂದ್ರೆ ವಿಂಡೋಸ್ ಶುರುವಾಗೋಕೆ ಮುಂಚೆ ಸಿಗೋ ಬೋರ್ಡಿನ ಸೆಟ್ಟಿಂಗ್ ಪರದೆಗೆ, ಹೋಗಿ ಹಾರ್ಡ್‌ವೇರ್ ಮಾನಿಟರ್ ಪೇಜ್ ನೋಡಿದ್ರೆ ಪ್ರೊಸೆಸರ್ 71 ಡಿಗ್ರಿ, ಫ್ಯಾನು ನಿಮಿಷಕ್ಕೆ 2750 ಸುತ್ತು. ಕೆಲಸ ಏನೂ ಇಲ್ಲದೆ ಸುಮ್ನೆ ಬಯೋಸಲ್ಲಿ ಕೂತಿರೋವಾಗ 71 ಅಂದ್ರೆ ಬಹಳ ಆಯ್ತು.

ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ ಕಬ್ಬಿಣ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಕಳೆದು, ಹೀಟ್‌ಸಿಂಕ್, ಅಂದ್ರೆ ಪ್ರೊಸೆಸರಿನ ಬಿಸಿ ಎಳ್ಕೊಳ್ಳೋ ಅಲ್ಯೂಮಿನಿಯಂ ಪಟ್ಟಿಗಳ ಗಡ್ಡೆ, ಬಿಚ್ಚಿದೆ. ಇಂಟೆಲ್ ಜತೆ ಬರೋ ಹೀಟ್‌ಸಿಂಕಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ನು, ಒಂದೊಂದರ ತಲೆ ಮೇಲೂ ಬಾಣದ ಗುರುತು ಇರುತ್ತೆ, ಆ ಬಾಣ ತೋರ್ಸೋ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದ್ರೆ ಬಿಡ್ಕೊಳ್ಳುತ್ತೆ. ಇಷ್ಟು ವರ್ಷ ಬಿಸೀಲಿ ಬೆಂದ ಪ್ಲಾಸ್ಟಿಕ್ಕು, ಗಡಸಾಗಿರುತ್ತೆ, ಜೋರ್ ಮಾಡಿದ್ರೆ ಮುರಿಯುತ್ತೆ, ಆತುರ ಬೇಡ. ನನ್ನ ಕಿವಿಮಾತು ಏನಂದ್ರೆ ಬಿಚ್ಚೋಕೆ ಮುಂಚೆ ಹತ್ತು ನಿಮಿಷ ಮಿಷಿನ್ ಓಡಿಸಿ ಬೆಚ್ಚಗೆ ಮಾಡ್ಕೊಳ್ಳಿ, ಪ್ರೊಸೆಸರಿಂದ ಹೀಟ್‌ಸಿಂಕಿಗೆ ಬಿಸಿ ದಾಟಿಸೋಕೆ ಮಧ್ಯೆ ಹಚ್ಚಿರೋ ಥರ್ಮಲ್ ಪೇಸ್ಟು ಒಣಗಿರುತ್ತೆ, ಅದು ಸ್ವಲ್ಪ ಸಡಿಲ ಆಗುತ್ತೆ, ಆಮೇಲೆ ಹೀಟ್‌ಸಿಂಕನ್ನ ನೆಟ್ಟಗೆ ಎಳೀಬೇಡಿ, ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಎತ್ತಿ.

ಒಳಗಿದ್ದದ್ದು ಧೂಳಲ್ಲ, ಕಂಬಳಿ. ಫ್ಯಾನಿನ ರೆಕ್ಕೆಗೂ ಅಲ್ಯೂಮಿನಿಯಂ ಪಟ್ಟಿಗಳಿಗೂ ಮಧ್ಯೆ ಬೂದು ಬಣ್ಣದ ಒಂದು ದಪ್ಪ ಹಾಸು, ಚಿಮಟದಲ್ಲಿ ಹಿಡಿದು ಎಳೆದ್ರೆ ಒಂದೇ ತುಂಡಾಗಿ ಬಂತು. ಮನೆ ಕಂಪ್ಯೂಟರಲ್ಲಿ ಈ ತರ ಬರಲ್ಲ, ಇದು ಅಂಗಡಿದು. ಜೆರಾಕ್ಸ್ ಮಿಷಿನ್ನಿಂದ ಹಾರೋ ಕಾಗದದ ನವಿರು ನಾರು, ಪೇಪರ್ ಕಟ್ ಮಾಡೋವಾಗ ಏಳೋ ಪುಡಿ, ಟೋನರಿನ ಕಪ್ಪು, ರೋಡಿನ ಮಣ್ಣು, ಆಮೇಲೆ ನಮ್ಮ ಕಡೆ ಕಬ್ಬಿನ ಸೀಸನ್ನಲ್ಲಿ ಗದ್ದೇಲಿ ಸೋಗೆ ಸುಟ್ಟಾಗ, ಆಲೆಮನೆ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕ್ದಾಗ ಕರೀ ಎಳೆಎಳೆ ಬೂದಿ ಹಾರ್ಕೊಂಡು ಬಂದು ಒಣಗಾಕಿರೋ ಬಟ್ಟೆ ಮೇಲೆಲ್ಲಾ ಕೂರುತ್ತಲ್ಲ, ಅದೂ ಸೇರಿದೆ. ಕಾಗದದ ನಾರು ಜಾಲ ಕಟ್ಟುತ್ತೆ, ಉಳಿದಿದ್ದೆಲ್ಲಾ ಅದಕ್ಕೆ ಅಂಟ್ಕೊಳ್ಳುತ್ತೆ. ಫ್ಯಾನ್ ಎಷ್ಟು ಜೋರಾಗಿ ಓಡಿದ್ರೂ ಗಾಳಿ ಅಲ್ಯೂಮಿನಿಯಂಗೆ ಮುಟ್ತಾನೇ ಇರ್ಲಿಲ್ಲ.

"ಪಂಕ್ಚರ್ ಅಂಗ್ಡಿಗೆ ತಗೊಂಡೋಗಿ ಗಾಳಿ ಒಡ್ಸುದ್ರಾಯ್ತಲ್ಲ" ಅಂದ್ರು ಚಿಕ್ಕಪ್ಪ. ಬೇಡ ಅಂದೆ. ಕಂಪ್ರೆಸರ್ ಟ್ಯಾಂಕಲ್ಲಿ ನೀರು ನಿಂತಿರುತ್ತೆ, ಗಾಳಿ ಜತೆ ತುಂತುರಾಗಿ ಬರುತ್ತೆ, ಕೆಲವು ಸಲ ಎಣ್ಣೇನೂ ಬರುತ್ತೆ, ಬೋರ್ಡಿನ ಮೇಲೆ ಅದು ಬೀಳ್ಬಾರ್ದು. ಒಂದಿಂಚಿನ ಹೊಸ ಪೇಂಟ್ ಬ್ರಷ್ಷು ಸಾಕು, ಜತೆಗೆ ಕೈಲಿ ಹಿಡಿಯೋ ಚಿಕ್ಕ ಬ್ಲೋವರ್ ಇತ್ತು ನನ್ನ ಹತ್ರ. ಬ್ಲೋವರ್ ಹಿಡಿಯೋವಾಗ ಫ್ಯಾನಿನ ರೆಕ್ಕೇನ ಬೆರಳಲ್ಲಿ ಹಿಡ್ಕೊಂಡೇ ಗಾಳಿ ಬಿಡಿ, ಬಿಟ್ರೆ ಅದು ಅಳತೆ ಮೀರಿ ಸುತ್ತುತ್ತೆ, ಬೇರಿಂಗ್ ಹಾಳಾಗುತ್ತೆ, ಜತೆಗೆ ಹಾಗೆ ಸುತ್ತೋ ಮೋಟರು ತಾನೇ ಕರೆಂಟ್ ಹುಟ್ಟಿಸಿ ವಾಪಸ್ ವೈರಿಗೆ ಕಳ್ಸುತ್ತೆ. ಟೋನರ್ ಪುಡಿ ಇರೋದ್ರಿಂದ ಮೂಗಿಗೆ ಮಾಸ್ಕ್ ಹಾಕ್ಕೊಂಡು ಗಲ್ಲಿಗೆ ತಂದು ಹೊಡೆದೆ.

ಹಳೇ ಪೇಸ್ಟು ಒಣಗಿ ಸುಣ್ಣದ ಹಕ್ಕಳೆ ಆಗಿತ್ತು. ಮೆಡಿಕಲ್ ಸ್ಟೋರಿಂದ ಸ್ಪಿರಿಟ್ ತಂದು ಹತ್ತಿಬಟ್ಟೇಲಿ ಒರೆಸಿ, ಹೊಸ ಪೇಸ್ಟು ಪ್ರೊಸೆಸರ್ ನಡುವೆ ಒಂದು ಹೆಸರುಕಾಳಿಗಿಂತ ಸ್ವಲ್ಪ ದಪ್ಪ ಇಟ್ಟೆ. ದೋಸೆ ಹಿಟ್ಟು ಸವರಿದಂಗೆ ಸವರೋದು ಬೇಡ, ಹೀಟ್‌ಸಿಂಕ್ ಒತ್ತಡಕ್ಕೇ ಹರಡ್ಕೊಳ್ಳುತ್ತೆ.

ವಾಪಸ್ ಕೂರಿಸೋವಾಗ ತಿರುಗಿಸಿದ್ದ ಪಿನ್ನುಗಳನ್ನ ಮೊದಲು ಹಳೇ ಸ್ಥಿತಿಗೆ ವಾಪಸ್ ತಿರುಗಿಸ್ಬೇಕು, ಆಮೇಲೆ ಮೂಲೆಗೆ ಮೂಲೆ ಎದುರುಬದುರಾಗಿ ಒತ್ತಬೇಕು, ಟಕ್ ಅಂತ ಕೇಳ್ಬೇಕು. ಮೂರು ಟಕ್ ಕೇಳಿಸ್ತು, ನಾಲ್ಕನೇದು ಕೇಳಿಸ್ತು ಅಂದ್ಕೊಂಡೆ. ಆನ್ ಮಾಡಿ ಬಯೋಸಲ್ಲಿ ನೋಡ್ತಿದ್ರೆ ಡಿಗ್ರಿ 60, 70, 80 ಅಂತ ಏರ್ತಾನೇ ಇದೆ! ತಕ್ಷಣ ಆಫ್ ಮಾಡಿದೆ. ಹೀಟ್‌ಸಿಂಕ್ ಮೂಲೆ ಹಿಡಿದು ಅಲ್ಲಾಡಿಸಿದ್ರೆ ರ‍್ಯಾಮ್ ಕಡೆ ಮೂಲೆ ಒಂಚೂರು ಕುಣೀತಿತ್ತು, ಪಿನ್ನಿನ ಎರಡು ಕಾಲಲ್ಲಿ ಒಂದು ತೂತಿಗೆ ಇಳಿದಿಲ್ಲ, ಮಡಚ್ಕೊಂಡಿದೆ. ಎಲ್ಲಾ ಬಿಚ್ಚಿ, ಕಾಲು ನೆಟ್ಟಗೆ ಮಾಡಿ, ಪೇಸ್ಟ್ ಒರೆಸಿ ಮತ್ತೆ ಹಾಕಿ, ಬೋರ್ಡನ್ನೇ ಹೊರಗೆ ತೆಗೆದು ಹಿಂದ್ಗಡೆ ನಾಲ್ಕೂ ಕಾಲು ಬಿಚ್ಚಿ ನಿಂತಿರೋದು ಕಣ್ಣಾರೆ ನೋಡಿದ ಮೇಲೇನೇ ಸಮಾಧಾನ ಆಗಿದ್ದು. ಇದಕ್ಕೇ ಒಂದೂವರೆ ಗಂಟೆ ಹೋಯ್ತು ಆದ್ರೆ ಈಗ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಅದೇ, ಟಕ್ ಸದ್ದು ನಂಬಬೇಡಿ, ಹಿಂದ್ಗಡೆ ನೋಡಿ.

ಈ ಸಲ 46 ಡಿಗ್ರಿ, 1500 ಸುತ್ತು. ಭರ್ ಅನ್ನೋದು ಹೋಯ್ತು. ಫ್ಯಾನಿಗೆ ಒಂದು ತೊಟ್ಟು ಎಣ್ಣೆ ಹಾಕಿಲ್ಲ, ಒಂದು ಪಾರ್ಟ್ ಬದಲಾಯ್ಸಿಲ್ಲ. ಆದ್ರೆ ಅದು ಹೋದ ಮೇಲೆ ಗರಗರ ಇನ್ನೂ ಎದ್ದು ಕೇಳ್ತಿತ್ತು, ಚಿಕ್ಕಪ್ಪ "ಮುಂಚೆಗಿಂತ ಜಾಸ್ತಿ ಆಯ್ತೇನ್ಲಾ?" ಅಂದ್ರು. ಜಾಸ್ತಿ ಆಗಿಲ್ಲ ಚಿಕ್ಕಪ್ಪ, ಮುಂಚೆ ದೊಡ್ಡ ಸದ್ದಿನ ಕೆಳಗೆ ಮುಚ್ಚಿತ್ತು, ಅಂದೆ. ಹೊತ್ತಾಗಿತ್ತು, ಚಿಕ್ಕಮ್ಮ ಎರಡು ಸಲ ಊಟಕ್ಕೆ ಕರೆದಿದ್ರು, ಮುದ್ದೆ ಆರ್ತಿತ್ತು. ಮುಂದಿನ ವಾರ ಅಂತ ಎದ್ದೆ.

ಎರಡನೇ ಭಾನುವಾರ

ಹಿಂದಿನ 80 ಎಂಎಂ ಫ್ಯಾನು. ಇದು ಹಳೇ ನಾಲ್ಕು ತೂತಿನ ದೊಡ್ಡ ಕನೆಕ್ಟರಿಂದ ನೇರ ಎಸ್‌ಎಂಪಿಎಸ್‌ನಿಂದಲೇ 12 ವೋಲ್ಟ್ ತಗೊಳ್ಳೋದು, ಬೋರ್ಡಿಗೆ ಇದರ ಸುದ್ದಿನೇ ಗೊತ್ತಿಲ್ಲ, ಬಯೋಸಲ್ಲೂ ಕಾಣಲ್ಲ, ಚಳಿ ಇರ್ಲಿ ಬಿಸ್ಲಿರ್ಲಿ ಅಂಗಡಿ ತೆಗೆದಾಗಿಂದ ಮುಚ್ಚೋವರೆಗೂ ಫುಲ್ ಸ್ಪೀಡು. ಇಷ್ಟು ವರ್ಷ ಹಾಗೇ ಓಡಿದೆ.

ಇದರ ಒಳಗೆ ಸವೆಯೋದು ಏನು ಅಂತ ಗೊತ್ತಿದ್ರೆ ರಿಪೇರಿ ಸುಲಭ. ಮಿಕ್ಸಿ ಮೋಟರಲ್ಲಿ ಕಾರ್ಬನ್ ಇರುತ್ತಲ್ಲ, ಸವೆದ್ರೆ ಕಿಡಿ ಬರುತ್ತೆ, ಕಂಪ್ಯೂಟರ್ ಫ್ಯಾನಲ್ಲಿ ಅದಿಲ್ಲ. ನಡುವೆ ಕಾಯಿಲ್ ಸುತ್ತಿರೋ ಭಾಗ ಅಲ್ಲಾಡಲ್ಲ, ಸುತ್ತೋ ರೆಕ್ಕೆ ಒಳಗಡೆ ಒಂದು ಉಂಗುರದ ಅಯಸ್ಕಾಂತ, ಒಂದು ಪುಟ್ಟ ಸೆನ್ಸರು ಅಯಸ್ಕಾಂತ ಎಲ್ಲಿದೆ ಅಂತ ನೋಡಿ ಕಾಯಿಲಿಗೆ ಕರೆಂಟ್ ಬದಲಾಯಿಸ್ತಿರುತ್ತೆ. ಒಂದಕ್ಕೊಂದು ತಾಗಿ ಉಜ್ಜೋದು ಒಂದೇ ಜಾಗ, ಆ ತೆಳ್ಳಗಿನ ಸ್ಟೀಲ್ ಶಾಫ್ಟು ಮತ್ತೆ ಅದು ಕೂತಿರೋ ಬುಷ್ಷು. ಸೋವಿ ಫ್ಯಾನಲ್ಲಿ ಅದು ಕಂಚಿನ ಪುಡೀನ ಒತ್ತಿ ಬಿಸಿ ಮಾಡಿ ಗಟ್ಟಿ ಮಾಡಿದ ಬುಷ್ಷು, ಕಣ್ಣಿಗೆ ಗಟ್ಟಿ ಲೋಹ ತರ ಕಂಡ್ರೂ ಒಳಗೆಲ್ಲಾ ಸೂಕ್ಷ್ಮ ತೂತು, ಆ ತೂತಲ್ಲಿ ಎಣ್ಣೆ ಕುಡ್ಸಿರ್ತಾರೆ. ಶಾಫ್ಟ್ ಸುತ್ತಿದಾಗ ಎಣ್ಣೆ ಹೊರಗೆ ಬರುತ್ತೆ, ನಿಂತಾಗ ವಾಪಸ್ ಹೀರ್ಕೊಳ್ಳುತ್ತೆ. ಎಷ್ಟು ಚೆಂದದ ಯೋಚನೆ ನೋಡಿ. ವರ್ಷಗಟ್ಲೆ ಬಿಸಿಗೆ ಆ ಎಣ್ಣೆ ಆರೋಗುತ್ತೆ, ಉಳಿದದ್ದು ಧೂಳು ಸೇರಿ ಕಪ್ಪು ಜಿಗುಟಾಗುತ್ತೆ. ಬೆಳಗ್ಗೆ ತಣ್ಣಗಿದ್ದಾಗ ಆ ಜಿಗುಟು ಗಟ್ಟಿ, ಅದಕ್ಕೇ ಶುರುವಲ್ಲಿ ಗರಗರ ಜೋರು, ಬಿಸಿಯಾದಾಗ ಸ್ವಲ್ಪ ಕರಗಿ ಮೆತ್ತಗಾಗೋದು.

ಚಿಕ್ಕಪ್ಪ ಕಬ್ಬಿನ ಗಾಡಿ ಹೊಡೆದವರು, ಚಿಕ್ಕೋರಿದ್ದಾಗ. ಇದನ್ನ ಹೇಳಿದ ತಕ್ಷಣ "ಅಚ್ಚಿಗೆ ಕೀಲೆಣ್ಣೆ ಇಲ್ದಿದ್ರೆ ಗಾಡಿ ಕುಯ್ಯೋ ಅಂತದೆ, ಎತ್ತಿಗೂ ಎಳೆಯಕ್ಕಾಗಲ್ಲ, ಅಂಗೇ ತಾನೆ" ಅಂದ್ರು. ಹಂಗೇ ಚಿಕ್ಕಪ್ಪ, ಅದೇ. ಒಳಗೆ ಹೋಗಿ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಬಾಟ್ಲಿ ತಂದೇಬಿಟ್ರು.

ಎಣ್ಣೆ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬಹಳ ಜನ ಇಲ್ಲೇ ಕೆಡಿಸ್ಕೊಳ್ಳೋದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತೆ, ಮಾರ್ಗಶಿರ ಪುಷ್ಯದಲ್ಲಿ ಬಚ್ಚಲುಮನೆ ಬಾಟ್ಲಿನ ಬಿಸಿನೀರಲ್ಲಿ ಅದ್ದಿ ಕರಗಿಸ್ಕೊಳ್ತೀವಲ್ಲ, ಫ್ಯಾನ್ ಒಳಗೂ ಅದೇ ಆಗುತ್ತೆ, ಮೇಲಿಂದ ಅಡುಗೆಗೆ ಬಳಸೋ ಯಾವ ಎಣ್ಣೆ ಆದ್ರೂ ದಿನ ಕಳೆದ ಹಾಗೆ ಕಮಟು ಹಿಡಿದು ಅಂಟಂಟಾಗುತ್ತೆ. ತುಕ್ಕು ಬಿಡಿಸೋ ಸ್ಪ್ರೇನೂ ಬೇಡ, ಅದು ಹೆಚ್ಚಿನ ಪಾಲು ಆವಿಯಾಗೋ ದ್ರಾವಕ, ಹೊಡೆದ ಕೂಡ್ಲೇ ಸದ್ದು ನಿಲ್ಲುತ್ತೆ, ಖುಷಿ ಆಗುತ್ತೆ, ಆದ್ರೆ ಬುಷ್ಷಲ್ಲಿ ಉಳಿದಿದ್ದ ಎಣ್ಣೇನೂ ತೊಳ್ಕೊಂಡು ಹೋಗಿ ಸ್ವಲ್ಪ ದಿನಕ್ಕೆ ಮುಂಚೆಗಿಂತ ಕೆಟ್ಟ ಸದ್ದು ಬರುತ್ತೆ. ಗ್ರೀಸ್ ಈ ಸಣ್ಣ ಬುಷ್ಷಿನ ತೂತೊಳಗೆ ಇಳಿಯಲ್ಲ. ಬೇಕಾಗಿರೋದು ತೆಳು, ಬಣ್ಣ ಇಲ್ಲದ, ಅಂಟು ಕಟ್ಟದ ಖನಿಜ ಎಣ್ಣೆ, ಅಂದ್ರೆ ಹೊಲಿಗೆ ಮಿಷಿನ್ ಎಣ್ಣೆ. ಅಂಗಡಿ ಎದುರಿಗೇ ಟೈಲರ್ ಅಣ್ಣ ಇದ್ದಾರೆ, "ತಕೊಳಪ್ಪ, ಬೇಕಾದಷ್ಟು ಹಾಕೋ" ಅಂತ ಉದ್ದ ಮೂತಿ ಎಣ್ಣೆ ಡಬ್ಬಿನೇ ಕೊಟ್ರು.

ಫ್ಯಾನ್ ಬಿಚ್ಚಿದೆ, ನಾಲ್ಕು ಸ್ಕ್ರೂ. ಹಿಂದ್ಗಡೆ ಸ್ಟಿಕ್ಕರ್ ಇರುತ್ತೆ, ಅದನ್ನ ಒಂದು ಕಡೆಯಿಂದ ಉಗುರಲ್ಲಿ ಮೆಲ್ಲಗೆ ಅರ್ಧ ಎತ್ತಬೇಕು. ಕೆಲವು ಫ್ಯಾನಲ್ಲಿ ಕೆಳಗೆ ರಬ್ಬರ್ ಮುಚ್ಚಳ ಇರುತ್ತೆ, ಇದ್ರಲ್ಲಿರ್ಲಿಲ್ಲ, ನೇರ ಶಾಫ್ಟ್ ತುದಿ, ಅದಕ್ಕೊಂದು ಸೀಳಿರೋ ಬಿಳೀ ನೈಲಾನ್ ವಾಷರು. ಬಹಳ ಜನ ಇಲ್ಲಿಗೇ ಎರಡು ತೊಟ್ಟು ಬಿಟ್ಟು ಸ್ಟಿಕ್ಕರ್ ಮುಚ್ಚಿಬಿಡ್ತಾರೆ. ಅದೂ ಕೆಲಸ ಮಾಡುತ್ತೆ, ಆದ್ರೆ ಒಳಗಿರೋ ಕಪ್ಪು ಜಿಗುಟು ಹಾಗೇ ಇದ್ದು ಹೊಸ ಎಣ್ಣೆ ಜತೆ ಕಲಸಿ ಮರಳುಕಾಗದದ ಕೆಲಸ ಮಾಡುತ್ತೆ. ಪೂರ್ತಿ ಬಿಚ್ಚೋದು ನನ್ನ ಅಭ್ಯಾಸ. ಗುಂಡುಪಿನ್ನಲ್ಲಿ ವಾಷರ್ ಸೀಳು ಅಗಲ ಮಾಡಿ ತೆಗೆದೆ, ತೆಗೆಯೋವಾಗ ಮೇಲೆ ಇನ್ನೊಂದು ಬೆರಳು ಅಡ್ಡ ಇರ್ಬೇಕು, ಹಾರಿದ್ರೆ ಅಕ್ಕಿಕಾಳಿನಷ್ಟು ವಸ್ತು, ಅಂಗಡೀಲಿ ಹುಡುಕಿದ್ರೂ ಸಿಗಲ್ಲ. ಅದರ ಕೆಳಗೆ ಒಂದು ಪುಟ್ಟ ರಬ್ಬರ್ ರಿಂಗು. ಎರಡನ್ನೂ ಒಂದು ಬಟ್ಟಲಲ್ಲಿ ಹಾಕಿ, ರೆಕ್ಕೆನ ಅಯಸ್ಕಾಂತದ ಹಿಡಿತದಿಂದ ಎಳೆದೆ, ಶಾಫ್ಟ್ ಸಮೇತ ಬಂತು.

ಶಾಫ್ಟು ಕಪ್ಪಗಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಉಜ್ಜಿದಾಗ ಬೆಳ್ಳಗೆ ಹೊಳೀತು, ಆದ್ರೆ ಒಂದು ಕಡೆ ಉಗುರಿಗೆ ಸಿಕ್ಕೋ ಹಾಗೆ ಸಣ್ಣ ಗೆರೆ ಸವೆದಿತ್ತು. ಹಿಂದಿನ ಫ್ಯಾನ್ ನೆಟ್ಟಗೆ ನಿಂತು ಓಡೋದು, ಶಾಫ್ಟ್ ಅಡ್ಡ ಮಲಗಿರುತ್ತೆ, ರೆಕ್ಕೆ ಭಾರ ಯಾವಾಗ್ಲೂ ಬುಷ್ಷಿನ ಕೆಳಗಿನ ಕಡೇನೇ ಬೀಳುತ್ತೆ, ಬುಷ್ಷು ಅಲ್ಲಿ ಮೊಟ್ಟೆ ಆಕಾರ ಆಗ್ತಾ ಹೋಗುತ್ತೆ. ಅದಕ್ಕೆ ಎಣ್ಣೆ ಔಷಧಿ ಅಲ್ಲ. ಚಿಕ್ಕಪ್ಪಂಗೆ ಆಗ್ಲೇ ಹೇಳಿದೆ, ಇದು ಓಡುತ್ತೆ, ಎಷ್ಟು ದಿನ ಅಂತ ಮಾತ್ರ ಕೇಳ್ಬೇಡಿ ಅಂತ. ಇಯರ್‌ಬಡ್ ದಪ್ಪ ಆಯ್ತು, ಬೆಂಕಿಕಡ್ಡಿ ಚೂಪು ಮಾಡಿ ತೆಳ್ಳಗೆ ಹತ್ತಿ ಸುತ್ತಿ ಬುಷ್ಷೊಳಗೆ ಮೂರು ಸಲ ತಿರುಗಿಸ್ದೆ, ಮೂರನೇ ಸಲ ಹತ್ತಿ ಬಿಳೀ ಬಂತು. ಸ್ಪಿರಿಟ್ ಪೂರ್ತಿ ಆರೋಕೆ ಬಿಟ್ಟು, ಬುಷ್ಷಿಗೆ ಮೂರು ತೊಟ್ಟು, ಶಾಫ್ಟಿಗೆ ಬೆರಳಲ್ಲಿ ಒಂಚೂರು ಸವರಿ, ಹದಿನೈದು ನಿಮಿಷ ಕುಡಿಯೋಕೆ ಬಿಟ್ಟೆ. ಅಷ್ಟರಲ್ಲಿ ಕಾಫಿ ಆಯ್ತು. ಜೋಡಿಸಿ, ಮೇಲೆ ಉಕ್ಕಿದ ಎಣ್ಣೇನ ಒರೆಸಿ, ಸ್ಟಿಕ್ಕರಿನ ಗೋಂದು ಸತ್ತೋಗಿತ್ತು ಅಂತ ಆ ಜಾಗಾನ ಸ್ಪಿರಿಟಲ್ಲಿ ಒರೆಸಿ ಇನ್ಸುಲೇಶನ್ ಟೇಪಿನ ತುಂಡು ಹಚ್ಚಿದೆ. ಇದನ್ನ ಅಸಡ್ಡೆ ಮಾಡ್ಬೇಡಿ, ಎಣ್ಣೆ ಹೊರಗೆ ಹೋಗ್ದಂಗೆ ಧೂಳು ಒಳಗೆ ಬರ್ದಂಗೆ ತಡೆಯೋದು ಅದೇ.

ವಾಪಸ್ ಸ್ಕ್ರೂ ಹಾಕೋವಾಗ ಹಳೇ ಸೈಕಲ್ ಟ್ಯೂಬಿಂದ ನಾಲ್ಕು ಚಿಕ್ಕ ಚೌಕ ಕತ್ತರಿಸಿ, ನಡುವೆ ತೂತು ಮಾಡಿ, ಫ್ಯಾನಿಗೂ ತಗಡಿಗೂ ಮಧ್ಯೆ ಇಟ್ಟೆ. ತೆಳು ತಗಡಿನ ಕ್ಯಾಬಿನೆಟ್ಟು ತಮಟೆ ಇದ್ದಂಗೆ, ಫ್ಯಾನಿನ ಸಣ್ಣ ನಡುಕನ ಹತ್ತುಪಟ್ಟು ಮಾಡಿ ಕೇಳಿಸುತ್ತೆ. ಸ್ಕ್ರೂನೂ ಪೂರ್ತಿ ಬಿಗಿ ಮಾಡ್ಬಾರ್ದು, ರಬ್ಬರ್ ಸ್ವಲ್ಪ ಒತ್ತೋವಷ್ಟು ಸಾಕು. ಗಾಳಿ ದಿಕ್ಕು ನೋಡೋಕೆ ತೆಳು ಬಟರ್ ಪೇಪರ್ ಹಿಡಿದೆ, ಹೊರಕ್ಕೆ ತಳ್ತಿದೆ, ಸರಿ ಇದೆ. ಸಾಮಾನ್ಯವಾಗಿ ಸ್ಟಿಕ್ಕರ್ ಇರೋ ಕಡೆಗೆ ಗಾಳಿ ಹೋಗೋದು.

ಆನ್ ಮಾಡಿದ್ವಿ. ಗರಗರ ಇಲ್ಲ. ಚಿಕ್ಕಪ್ಪ ಎರಡೂ ಕೈ ಕ್ಯಾಬಿನೆಟ್ ಮೇಲೆ ಇಟ್ಟು ಸ್ವಲ್ಪ ಹೊತ್ತು ನಿಂತ್ರು, ಏನೂ ಮಾತಾಡ್ಲಿಲ್ಲ.

ಮೂರನೇ ಭಾನುವಾರ

ಬುಧವಾರ ಫೋನು. "ಒಂದು ಸಣ್ಣ ಕಿರ್ ಅಂತದೆ ಮಗ, ಮ್ಯಾಲಿಂದ." ಮೊದಲು ನಾನು ಎಣ್ಣೆ ಹಾಕಿದ್ದೇ ಕೈಕೊಡ್ತು ಅಂದ್ಕೊಂಡೆ, ಆದ್ರೆ ಮ್ಯಾಲಿಂದ ಅಂದ್ರಲ್ಲ. ಆ ಉಳಿದಿದ್ದ ಕಾಲು ಭಾಗ ನೆನಪಾಯ್ತು.

ಹೋಗಿ ಕಾರ್ಡಿನ ಕೊಳವೆ ಹಿಡಿದೆ, ಎಸ್‌ಎಂಪಿಎಸ್ಸೇ. ಖಾತ್ರಿಗೆ ಅದರ ಎಲ್ಲಾ ಕನೆಕ್ಟರ್ ಕಿತ್ತು, ಡಿವಿಡಿ ಡ್ರೈವ್ ಒಂದನ್ನ ಮಾತ್ರ ಲೋಡಿಗೆ ಅಂತ ಬಿಟ್ಟು, ಬೋರ್ಡಿಗೆ ಹೋಗೋ ದೊಡ್ಡ ಕನೆಕ್ಟರಲ್ಲಿ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಜೆಮ್ ಕ್ಲಿಪ್ ಬಗ್ಗಿಸಿ ಸೇರ್ಸಿ ಸ್ವಿಚ್ ಹಾಕಿದೆ. ಹಸಿರನ್ನ ಕಪ್ಪಿಗೆ ಸೇರಿಸೋದು ಅಂದ್ರೆ ಬೋರ್ಡು ಆನ್ ಆಗು ಅಂತ ಹೇಳೋ ಅದೇ ಸಂಜ್ಞೆ, ಕಂಪ್ಯೂಟರ್ ಇಲ್ಲದೇನೇ ಎಸ್‌ಎಂಪಿಎಸ್ ಓಡುತ್ತೆ. ಕ್ಲಿಪ್ಪನ್ನ ಸ್ವಿಚ್ ಆಫ್ ಇರೋವಾಗ್ಲೇ ಸಿಗಿಸ್ಬೇಕು. ಕಿರ್ ಅಂತ ಒಂದೇ ಒಂದು ಸದ್ದು, ಬೇರೆ ಯಾವುದೂ ಇಲ್ಲ, ಅನುಮಾನಾನೇ ಉಳೀಲಿಲ್ಲ.

ಇಲ್ಲಿ ನಾನು ನಿಂತೆ. ಎಸ್‌ಎಂಪಿಎಸ್ ಬೇರೆ ಪಾರ್ಟಿನಂಗಲ್ಲ. ಗೋಡೆಯಿಂದ ಬರೋ 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ಹೆಚ್ಚುಕಮ್ಮಿ 325 ವೋಲ್ಟು ದೊಡ್ಡ ಕೆಪಾಸಿಟರಲ್ಲಿ ತುಂಬ್ಕೊಂಡಿರುತ್ತೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಮುಟ್ಟಿದ್ರೆ ಪ್ರಾಣಕ್ಕೇ ಅಪಾಯ. ಬಿಚ್ಚೋಕೆ ಮುಂಚೆ ಹಿಂದಿನ ಜಾಲರಿಯಿಂದ ಫೋನ್ ಟಾರ್ಚ್ ಬಿಟ್ಟು ನೋಡಿದೆ. ವೈರ್ ಹೊರಗೆ ಬರೋ ಜಾಗದ ಹತ್ರ ನಿಂತಿರೋ ಸಣ್ಣ ಕೆಪಾಸಿಟರುಗಳಲ್ಲಿ ಎರಡರ ತಲೆ ಚಪ್ಪಟೆ ಇರ್ಲಿಲ್ಲ, ಉಬ್ಬಿ ಗುಮ್ಮಟ ಆಗಿತ್ತು, ಒಂದರ ಮೇಲೆ ಕಂದು ಬಣ್ಣದ ಹಕ್ಕಳೆ. ಅದನ್ನ ನೋಡಿದ ಮೇಲೆ ಫ್ಯಾನಿಗೆ ಎಣ್ಣೆ ಹಾಕೋ ಮಾತೇ ಇಲ್ಲ. ಉಬ್ಬಿದ ಕೆಪಾಸಿಟರು ವೋಲ್ಟೇಜಿನ ಏರಿಳಿತನ ನುಂಗಲ್ಲ, ಅದು ನೇರ ಬೋರ್ಡಿಗೆ ಹಾರ್ಡ್‌ಡಿಸ್ಕಿಗೆ ಹೋಗುತ್ತೆ, ಫ್ಯಾನ್ ಸದ್ದು ನಿಲ್ಲಿಸಿ ಇದನ್ನೇ ವಾಪಸ್ ಕೂರಿಸಿದ್ರೆ ಒಂದು ದಿನ ಅಷ್ಟೂ ಲಗ್ನಪತ್ರಿಕೆ ಕರ್ಕೊಂಡು ಹೋಗ್ತಿತ್ತು.

"ಸದ್ದು ಒಸಿ ತಾನೆ, ಅಂಗೇ ಓಡ್ಲಿ ಬುಡ್ಲಾ" ಅಂದ್ರು ಚಿಕ್ಕಪ್ಪ, ಖರ್ಚಿನ ಯೋಚನೆ. ಟಾರ್ಚ್ ಅವರ ಕೈಗೇ ಕೊಟ್ಟು ಒಳಗೆ ತೋರ್ಸಿದೆ. ನೋಡಿದ್ರು, ಟಾರ್ಚ್ ಆರಿಸಿದ್ರು, ಗಲ್ಲಾಪೆಟ್ಟಿಗೆ ತೆಗೆದ್ರು.

ನೂರಡಿ ರಸ್ತೆ ಕಡೆ ಹೋಗಿ 850 ರೂಪಾಯಿಗೆ ಹೊಸ ಎಸ್‌ಎಂಪಿಎಸ್ ತಂದೆ. 24 ಪಿನ್ನು, ಪ್ರೊಸೆಸರಿಗೆ ನಾಲ್ಕು ಪಿನ್ನು, ಹಳೇ ಡಿವಿಡಿಗೂ ಹಿಂದಿನ ಫ್ಯಾನಿಗೂ ಬೇಕಾದ ದೊಡ್ಡ ಕನೆಕ್ಟರ್ ಇದೆಯಾ ಅಂತ ಮೊದಲೇ ನೋಡ್ಕೊಂಡೆ. ಹಳೇದ್ರಲ್ಲಿ 80 ಎಂಎಂ ಫ್ಯಾನಿತ್ತು, ಇದರ ಹೊಟ್ಟೇಲಿ 120 ಎಂಎಂ. ದೊಡ್ಡ ರೆಕ್ಕೆ ನಿಧಾನಕ್ಕೆ ಸುತ್ತಿ ಅಷ್ಟೇ ಗಾಳಿ ಎಳೆಯುತ್ತೆ, ಅದಕ್ಕೆ ಸದ್ದೂ ಕಮ್ಮಿ. ಅದೇ ಅಂಗಡೀಲಿ ಒಂದು 80 ಎಂಎಂ ಬಾಲ್ ಬೇರಿಂಗ್ ಫ್ಯಾನ್ ಕೂಡ ತಂದು ಡ್ರಾಯರಲ್ಲಿಟ್ಟಿದ್ದೀನಿ, ಆ ಸವೆದ ಶಾಫ್ಟಿನದು ಮತ್ತೆ ಶುರುವಾದ ದಿನ ಎಣ್ಣೆ ಡಬ್ಬಿ ಹುಡುಕೋದಿಲ್ಲ, ನೇರ ಇದೇ ಹಾಕೋದು.

ಎಲ್ಲಾ ಜೋಡಿಸಿ ಆನ್ ಮಾಡಿದ್ರೆ ತಾರೀಖು ತಪ್ಪಿದೆ ಅಂತ ನಿಂತ್ಕೊಳ್ತು, ಬೋರ್ಡಿನ ಸೆಲ್ಲು ಸತ್ತೋಗಿತ್ತು, ಕರೆಂಟ್ ತಪ್ಪಿಸಿ ಇಟ್ಟಿದ್ದಕ್ಕೆ ಗೊತ್ತಾಯ್ತು, ಸಿಆರ್2032, ಗಡಿಯಾರದಂಗಡೀಲಿ ಸಿಗುತ್ತೆ, ಹಾಕಿ ತಾರೀಖು ಸರಿ ಮಾಡಿದೆ.

ಇದೆಲ್ಲಾ ಆಗಿ ಐದು ವಾರ ಆಯ್ತು. ಮೊನ್ನೆ ನೋಡಿದಾಗ 48 ಡಿಗ್ರಿ, 1550 ಸುತ್ತು, ಬಿಸಿಲು ಏರಿದೆಯಲ್ಲ. ಮೊದಲ ದಿನದ ರೆಕಾರ್ಡಿಂಗ್ ಚಿಕ್ಕಪ್ಪಂಗೆ ಕೇಳಿಸ್ದೆ, "ಇದ್ರಾಗೆ ಎಂಗ್ಲಾ ಕೂತಿದ್ದೆ ನಾನು" ಅಂದ್ರು.

ಈಗ ಅಂಗಡೀಲಿ ಜೆರಾಕ್ಸ್ ಓಡ್ದೇ ಇರೋವಾಗ ಇಷ್ಟು ದಿನ ಕೇಳದೇ ಇದ್ದ ಇನ್ನೊಂದು ಸದ್ದು ಕೇಳ್ತಿದೆ, ಹಾರ್ಡ್‌ಡಿಸ್ಕು ಓದೋವಾಗ ಬರೋ ಕಟ್ ಕಟ್. ಅದು ಅದರ ಮಾಮೂಲಿ ಸದ್ದೇ, ನಾನು ಕೊಳವೆ ಇಟ್ಟು ನೋಡಿದೆ, ಆದ್ರೂ 2009ರ ಡಿಸ್ಕು. ಅವತ್ತು ರಾತ್ರಿನೇ ಕೂತು ಪೇಜ್‌ಮೇಕರ್ ಫೈಲು, ನುಡಿ ಫಾಂಟು, ಪೇಜ್‌ಮೇಕರ್ ಸಿಡಿ ಎಲ್ಲಾ ಎರಡು ಪೆನ್‌ಡ್ರೈವಿಗೆ ಕಾಪಿ ಮಾಡಿದ್ವಿ, ಒಂದು ಅಂಗಡಿ ಬೀರುವಲ್ಲಿದೆ, ಇನ್ನೊಂದು ಗುತ್ತಲಲ್ಲಿ ನಮ್ಮನೇಲಿದೆ. ಮುಂದಿನ ಭಾನುವಾರ ಆ ಡಿಸ್ಕಿಂದು ಪೂರ್ತಿ ಇಮೇಜ್, ಅಂದ್ರೆ ಅದರಲ್ಲಿರೋದೆಲ್ಲಾ ಇದ್ದಂಗೇ ಒಂದು ನಕಲು, ತೆಗೀಬೇಕು.